ಆರಾಮ ಅದೀನ್ರಿ

ನಮ್ಮ ಕಡೆ ‘ಆರಾಮಾ?’ ಎಂದು ಯಾರಾದರೂ ಕೇಳಿದರೆ ಅದಕ್ಕಿರುವುದು ಒಂದೇ ಉತ್ತರ. ಮೈಯಲ್ಲಿ ಜ್ವರ ಕಾಯುತ್ತಿರಲಿ, ಜೋಳದ ಹಿಟ್ಟಿನ ಡಬ್ಬಿ ತಳ ಕಂಡಿರಲಿ, ಹಿಂದಿನ ದಿನವಷ್ಟೇ ಹೆತ್ತವರನ್ನು ಮಣ್ಣು ಮಾಡಿ ಬಂದಿರಲಿ, ‘ಆರಾಮ ಅದೀನ್ರಿ, ನೀವು?’ ಎನ್ನಬೇಕು. ಅದು ಬಾಯಿಯ ಮರ್ಯಾದೆ. ಮೈಯ ಸುದ್ದಿ ಬೇರೆ. ಇದು ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಹಾಗಂತ ನಮ್ಮವರು ಕಷ್ಟ ಹೇಳಿಕೊಳ್ಳುವುದೇ ಇಲ್ಲವೆಂದಲ್ಲ. ಅದಕ್ಕೊಂದು ಕ್ರಮವಿದೆ. ಬಂದವರು ಕೂಡಬೇಕು, ನೀರು ಕುಡಿಯಬೇಕು, ಚಹಾ ಆಗಬೇಕು, ಎಲೆ-ಅಡಿಕೆ ಕೈಗೆ ಬರಬೇಕು, ಮಳೆ-ಬೆಳೆಯ ಮಾತು ಮುಗಿಯಬೇಕು. ಆಮೇಲೆ ಒಂದೊಂದಾಗಿ ಹೊರಗೆ ಬೀಳುತ್ತದೆ. ಹತ್ತು ನಿಮಿಷದಲ್ಲಿ ಎದ್ದು ಹೋಗುವವರಿಗೆ ಸಿಗುವುದು ಆ ಮೊದಲನೇ ಮಾತು ಮಾತ್ರ. ಬೋನಾಳದ ಹುಲಗಪ್ಪನ ಅಂಗವಿಕಲ ಪಿಂಚಣಿ ನಿಂತುಹೋದದ್ದು ಆ ಮೊದಲನೇ ಮಾತಿನಿಂದ.

ಹುಲಗಪ್ಪ ಹದಿನಾರು ವರ್ಷ ಕೆನಾಲ ಗೇಟು ತಿರುವಿದವನು. ಕೃಷ್ಣೆಯ ನೀರು ಎಡದಂಡೆ ಕಾಲುವೆ ಹಿಡಿದು ಸುರಪುರ ಸೀಮೆಗೆ ಬಂದ ಮೇಲೆ ಸಜ್ಜೆ ಬಿತ್ತುತ್ತಿದ್ದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಗದ್ದೆಗೆ ನೀರು ಬಿಡಲು ಗೇಟು ಬಂತು, ಗೇಟು ತಿರುವಲು ಆಳು ಬೇಕಾಯಿತು. ಕಾಗದದ ಮೇಲೆ ಆ ಕೆಲಸ ಯಾರೋ ಗುತ್ತಿಗೆದಾರನದು, ದಂಡೆಯ ಮೇಲೆ ನಿಂತವನು ಹುಲಗಪ್ಪ. ಮೇಲಿನ ಹೊಲದವರು ಇನ್ನೊಂದು ಸುತ್ತು ತಿರುವು ಎಂದು ಬೈಯುತ್ತಿದ್ದರು, ಕೆಳಗಿನವರು ಯಾಕೆ ತಿರುವಿದೆ ಎಂದು ಬೈಯುತ್ತಿದ್ದರು. ಅವನು ಇಬ್ಬರಿಗೂ ‘ಆತ್ರಿ’ ಎಂದು, ಆಫೀಸಿನವರು ಹೇಳಿದಷ್ಟೇ ಸುತ್ತು ತಿರುವಿ ಮನೆಗೆ ಬರುತ್ತಿದ್ದ.

ಗೇಟಿನ ಸ್ಕ್ರೂ ಸವೆದು ಜಾರುತ್ತಿದೆ ಎಂದು ಮೂರು ಸಲ ಕೆನಾಲ ಆಫೀಸಿಗೆ ಹೋಗಿ ಹೇಳಿಯೂ ಬಂದಿದ್ದ. ನಾಲ್ಕನೇ ಸಲ ಹೋಗುವುದರೊಳಗೆ ಎತ್ತಿದ ಗೇಟು ದಡಕ್ಕನೆ ಕೆಳಗೆ ಕುಸಿಯಿತು. ಕಬ್ಬಿಣದ ಹಿಡಿಕೆ ಹಿಂದಕ್ಕೆ ಗರ್ರನೆ ತಿರುಗಿ ಅವನ ಬಲಭುಜಕ್ಕೆ ಬಡಿಯಿತು. ಎರಡು ತಿಂಗಳು ಕಲಬುರಗಿಯ ದವಾಖಾನೆಯಲ್ಲಿದ್ದು ಬಂದ. ಕೈ ಉಳಿಯಿತು, ಕೈಯ ಕೆಲಸ ಉಳಿಯಲಿಲ್ಲ. ಭುಜದಿಂದ ಕೆಳಗೆ ಅದು ಸುಮ್ಮನೆ ಜೋತುಬಿದ್ದಿರುತ್ತದೆ, ಬೆರಳು ಒಳಕ್ಕೆ ಮಡಿಚಿಕೊಂಡಿವೆ. ಗುತ್ತಿಗೆದಾರ ತನ್ನ ಪುಸ್ತಕದಲ್ಲಿ ಹುಲಗಪ್ಪ ಎಂಬ ಹೆಸರೇ ಇಲ್ಲವೆಂದ. ಹದಿನಾರು ವರ್ಷ ದಿನಾ ಬೆಳಿಗ್ಗೆ ಆ ಹೆಸರನ್ನು ಕೂಗಿ ಕರೆಯುತ್ತಿದ್ದವನು ಅವನೇ.

ಅಂದಿನಿಂದ ಆರು ವರ್ಷ ಆ ಬಲಗೈಯ ಕೆಲಸವನ್ನೆಲ್ಲ ಮಾಡಿದವಳು ಹೆಂಡತಿ ದೇವಕಮ್ಮ. ಅಂಗಿಯ ಗುಂಡಿ, ಧೋತರದ ಗಂಟು, ಬೆನ್ನಿನ ನೀರು, ಎಲ್ಲ ಅವಳದೇ. ಅದರಲ್ಲಿ ಊಟದ್ದೇ ದೊಡ್ಡ ತಾಪತ್ರಯ. ಹುಲಗಪ್ಪನ ಎಡಗೈ ಗಟ್ಟಿಮುಟ್ಟಾಗಿಯೇ ಇದೆ, ಆದರೆ ಎಡಗೈಯಲ್ಲಿ ಉಣ್ಣುವುದು ಅವನಿಂದ ಸತ್ತರೂ ಆಗದು. ಆ ಕೈ ಯಾವುದಕ್ಕೆ ಇರುವುದೆಂದು ಕೂಸಿಗೂ ಗೊತ್ತು. ಹೀಗಾಗಿ ದೇವಕಮ್ಮ ದಿನಕ್ಕೆ ಮೂರು ಸಲ ಕದ ಮುಂದಕ್ಕೆಳೆದು, ರೊಟ್ಟಿ ಮುರಿದು, ಪಲ್ಯ ಹಚ್ಚಿ ತುತ್ತು ಮಾಡಿ ಗಂಡನ ಬಾಯಿಗಿಡುತ್ತಿದ್ದಳು. ಊರಿಗೆಲ್ಲ ಗೊತ್ತಿದ್ದ ಸಂಗತಿಯೇ, ಆದರೂ ಯಾರೂ ನೋಡಬಾರದು. ಮಧ್ಯಾಹ್ನಕ್ಕೆ ಮನೆಗೆ ಬಂದು ಹೋಗುವಷ್ಟು ಹತ್ತಿರದ ಹೊಲ ಸಿಕ್ಕರೆ ಮಾತ್ರ ಅವಳಿಗೆ ಕೂಲಿ. ಟಂಟಂ ಆಟೋ ಏರಿ ದೂರದ ಊರುಗಳಿಗೆ ನಾಟಿಗೆ, ಹತ್ತಿ ಬಿಡಿಸುವುದಕ್ಕೆ ಹೋಗುವ ಹೆಂಗಸರ ಗುಂಪು ಅವಳಿಗಲ್ಲ. ಕಡಿಮೆ ಬಿದ್ದದ್ದನ್ನು ತಿಂಗಳಿಗೊಮ್ಮೆ ಬರುವ ಪಿಂಚಣಿ ಹೇಗೋ ಸರಿದೂಗಿಸುತ್ತಿತ್ತು. ಪಿಂಚಣಿಗೆ ನಮ್ಮ ಕಡೆ ಪಗಾರ ಎನ್ನುತ್ತಾರೆ. ಮುದುಕರ ಪಗಾರ, ಕುಂಟರ ಪಗಾರ, ಗಂಡ ಸತ್ತವರ ಪಗಾರ. ಈ ಮಾತನ್ನೂ ನೆನಪಿಡಿ, ಮುಂದೆ ಬೇಕಾಗುತ್ತದೆ.

ಆ ವರ್ಷ ಪಿಂಚಣಿದಾರರನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಿ, ದುಡಿಯಬಲ್ಲವರನ್ನು ದುಡಿಮೆಗೆ ಮರಳಿಸಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಹುಕುಂ ನೋಡಿದರೆ ಚೆಂದವೇ. ದುಡಿಮೆ ಯಾರಿಗೆ ಬೇಡ? ಸರ್ವೇ ಕೆಲಸವನ್ನು ಯಾವುದೋ ಕಂಪನಿಗೆ ಗುತ್ತಿಗೆ ಕೊಟ್ಟರು. ಕಂಪನಿ ಮಂಡ್ಯದ ಕಡೆಯ ಒಬ್ಬ ಮೇಡಂ ಕೈಗೆ ಟ್ಯಾಬು ಕೊಟ್ಟು ಬೋನಾಳಕ್ಕೆ ಕಳಿಸಿತು. ಪಾಪ, ಅವಳದೇನೂ ಕೆಟ್ಟ ಮನಸ್ಸಲ್ಲ. ಬಿಸಿಲಿಗೆ ಮುಖ ಕೆಂಪಾಗಿತ್ತು, ಇನ್ನೂ ಐದು ಊರು ಬಾಕಿ ಇದ್ದವು, ಒಬ್ಬೊಬ್ಬರಿಗೆ ಹತ್ತು ನಿಮಿಷದ ಲೆಕ್ಕ.

ಮನೆಗೆ ಬಂದ ಹೆಣ್ಣುಮಗಳೆಂದು ಹುಲಗಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿಸಿದ. ಸೋತ ಕೈ ಕಣ್ಣಿಗೆ ಬೀಳಬಾರದೆಂದು ಅದರ ಮೇಲೆ ಟವೆಲು ಹೊದ್ದು ಕೂತ. ಅವಳು ಆರಾಮಾಗಿದ್ದೀರಾ ಎಂದು ಕೇಳಿದಳು. ಆರಾಮ ಅದೀನ್ರಿ ಎಂದ. ನಿಮ್ಮ ಕೆಲಸ ನೀವೇ ಮಾಡ್ಕೋತೀರಾ ಎಂದಳು. ದೇವರು ನಡಸ್ಯಾನ್ರಿ, ನಡೀತದ ಎಂದ. ತಿಂಗಳಿಗೆ ದುಡ್ಡು ಬರುತ್ತಾ ಎಂದಳು. ಪಗಾರ ಬರ್ತದ್ರಿ ಎಂದ. ಕೆಲಸ ಕೊಟ್ಟರೆ ಮಾಡ್ತೀರಾ ಎಂದಾಗ ಹುಲಗಪ್ಪನ ಮುಖ ಅರಳಿತು, ಕೊಡ್ರಿ ಮತ್ತ, ಯಾಕ ಮಾಡಂಗಿಲ್ಲ ಎಂದ. ಒಳಗೆ ಚಹಾ ಕಾಸುತ್ತಿದ್ದ ದೇವಕಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಅವಳಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಗಂಡ ಬಂದವರ ಮುಂದೆ ಮರ್ಯಾದೆಯಿಂದ ಮಾತಾಡುತ್ತಿದ್ದಾನೆ ಅಂದುಕೊಂಡಳು. ಚಹಾ ಸೋಸಿ ಹೊರಗೆ ತರುವಷ್ಟರಲ್ಲಿ ಮೇಡಂ ಪಕ್ಕದ ಮನೆಯ ಕಟ್ಟೆ ಏರಿದ್ದಳು.

ಎರಡು ತಿಂಗಳು ಪಗಾರ ಬರಲಿಲ್ಲ. ಮೂರನೇ ತಿಂಗಳು ಒಂದು ಕಾಗದ ಬಂತು. ದೇವಕಮ್ಮ ಅದನ್ನು ಸೆರಗಿಗೆ ಕಟ್ಟಿಕೊಂಡು ಸುರಪುರಕ್ಕೆ ಹೋಗಿ, ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವ ಜಮಾಲಸಾಬನ ಮುಂದಿಟ್ಟಳು. ಜಮಾಲಸಾಬ ಕನ್ನಡಕ ಏರಿಸಿ ಓದಿದ. ಆರೋಗ್ಯ, ಉತ್ತಮ. ದಿನನಿತ್ಯದ ಕೆಲಸ, ಸ್ವತಃ ಮಾಡಿಕೊಳ್ಳುತ್ತಾರೆ. ಆದಾಯ, ತಿಂಗಳ ಸಂಬಳ. ದುಡಿಯುವ ಇಚ್ಛೆ, ಇದೆ. ಆದಕಾರಣ ಸದರಿ ವ್ಯಕ್ತಿ ಉದ್ಯೋಗಕ್ಕೆ ಮರಳಲು ಯೋಗ್ಯ, ಪಿಂಚಣಿ ಸ್ಥಗಿತ.

ದೇವಕಮ್ಮ ಇನ್ನೊಮ್ಮೆ ಓದಿಸಿದಳು. ಸಂಬಳ ಎಲ್ಲಿಂದ ಬಂತೆಂದು ಅವಳಿಗೆ ತಿಳಿಯಲಿಲ್ಲ. ಮನೆಯಲ್ಲಿ ಏನು ಮಾತಾಯಿತೆಂದು ಜಮಾಲಸಾಬ ಬಿಡಿಬಿಡಿಸಿ ಕೇಳಿ, ಪಗಾರದ ಗುಟ್ಟು ಒಡೆದ. ಪಿಂಚಣಿ ಬರುತ್ತದೆ ಎಂದು ಹೇಳಿದ್ದಕ್ಕೇ ಪಿಂಚಣಿ ನಿಂತಿತ್ತು.

“ನಿನ್ನ ಗಂಡ ಕಾಗದದಾಗ ಭಾಳ ಆರಾಮ ಅದಾನವ್ವ,” ಎಂದ ಜಮಾಲಸಾಬ. “ಇಷ್ಟು ಆರಾಮ ಇದ್ದ ಮನಷ್ಯಾನ ನಾ ಈ ತಾಲೂಕಿನಾಗ ಕಂಡಿಲ್ಲ. ಈ ವಾರದಾಗ ಇದು ಒಂಬತ್ತನೇ ಕಾಗದ. ಎಲ್ಲಾದ್ರಾಗೂ ಆರಾಮ.”

ನಗುತ್ತಾನೇನೋ ಎಂದು ಅವಳು ಮುಖ ನೋಡಿದಳು. ಅವನು ನಗುತ್ತಿರಲಿಲ್ಲ. ಅವಳಿಂದ ಏನೂ ತೆಗೆದುಕೊಳ್ಳದೆ, ಯಾದಗಿರಿಯಲ್ಲಿ ದೊಡ್ಡ ಸಾಹೇಬರು ತಿಂಗಳಿಗೊಮ್ಮೆ ಅಹವಾಲು ಕೇಳುತ್ತಾರೆಂದು ಅಲ್ಲಿಗೆ ಒಂದು ಅರ್ಜಿ ಬರೆದುಕೊಟ್ಟ.

ಸಿಟ್ಟು ಮೊದಲು ಗಂಡನ ಮೇಲೆ ಬಿತ್ತು, ಕೈಗೆ ಸಿಗುವವನು ಅವನೊಬ್ಬನೇ ನೋಡಿ. ಮನೆಗೆ ಬಂದವಳೇ ಕಾಗದ ಅವನ ಮುಂದೆ ಒಗೆದು, ಯಾಕೆ ಹಾಗೆ ಹೇಳಿದಿರೆಂದು ಜಗಳ ತೆಗೆದಳು. ಹುಲಗಪ್ಪ ಎಡಗೈಯಿಂದ ಕಾಗದ ಎತ್ತಿಟ್ಟ.

“ಮನಿಗಿ ಬಂದ ಹೆಣ್ಣುಮಗಳು ಆರಾಮಾ ಅಂತ ಕೇಳಿದ್ರ, ಇಲ್ಲ ಅನ್ನಲೇನು?” ಎಂದ.

ಅವನ ಜಾಗದಲ್ಲಿ ದೇವಕಮ್ಮನಾದರೂ ಬೇರೇನು ಅನ್ನುತ್ತಿದ್ದಳು?

ಕಾಗದದ ಕೆಳಗೆ ಇನ್ನೊಂದು ಸಾಲಿತ್ತು. ಉದ್ಯೋಗಕ್ಕೆ ಮರಳುವವರಿಗೆ ಶಹಾಪುರದಲ್ಲಿ ಏಳು ದಿನದ ತರಬೇತಿ, ಹಾಜರಿ ಕಡ್ಡಾಯ, ತಪ್ಪಿದರೆ ಮುಂದೆ ಯಾವ ಸವಲತ್ತಿಗೂ ಹಕ್ಕಿಲ್ಲ. ಯಾವ ತರಬೇತಿ ಎಂದು ಬರೆದಿರಲಿಲ್ಲ. ಹೋಗಿ ನೋಡಿದರೆ ಹೊಲಿಗೆ. ಹೌದು, ಹೊಲಿಗೆ ಮಶೀನು. ಬಲಗೈ ಎತ್ತಲಾಗದವನಿಗೆ ಬಟ್ಟೆ ಹೊಲಿಯುವ ವಿದ್ಯೆ. ಇದನ್ನು ಯಾವ ಪುಣ್ಯಾತ್ಮ ಯೋಚನೆ ಮಾಡಿದನೋ, ಅವನ ಮನೆಯವರು ಅವನಿಗೆ ಹೊತ್ತು ಹೊತ್ತಿಗೆ ಅನ್ನ ಹಾಕುತ್ತಿದ್ದರೆಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಕೋಣೆಯಲ್ಲಿ ಇದ್ದವರು ಹನ್ನೊಂದು ಮಂದಿ. ಅದರಲ್ಲಿ ಇಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ. ಪೋಲಿಯೋದಿಂದ ಎರಡೂ ಕಾಲು ಸೋತ ಒಬ್ಬನಿಗೆ ಕಾಲಲ್ಲಿ ತುಳಿಯುವ ಮಶೀನು ಕೊಟ್ಟಿದ್ದರು. ಕಲಿಸುವ ಮಾಸ್ತರನಿಗೆ ನಾಚಿಕೆಯಾಗಿ ಅವನು ಮೊದಲ ದಿನವೇ ಎಲ್ಲರಿಗೂ ಚಹಾ ತರಿಸಿ, ಸುಮ್ಮನೆ ಕೂತು ಹೋಗಿ ಎಂದುಬಿಟ್ಟ. ಏಳು ದಿನವೂ ಅವರು ಕಿಟಕಿಯಿಂದ ಕಾಣುವ ಮಲಗಿದ ಬುದ್ಧನ ಗುಡ್ಡ ನೋಡುತ್ತ ಕೂತು ಎದ್ದು ಬಂದರು.

ಏಳನೇ ದಿನ ಫೋಟೋ. ಗಂಡನ ಜೊತೆಗೆ ಬಂದಿದ್ದ ದೇವಕಮ್ಮ ಬಾಗಿಲಲ್ಲಿ ನಿಂತಿದ್ದಳು. ಕಂಪನಿಯವನೊಬ್ಬ ಬಂದು ಹುಲಗಪ್ಪನ ಮೇಲಿನ ಟವೆಲು ತೆಗೆದ, ಸೋತ ಬಲಗೈಯನ್ನು ಮಣಿಕಟ್ಟು ಹಿಡಿದು ಎತ್ತಿದ, ಮಶೀನಿನ ಸೂಜಿಯ ಪಕ್ಕ ಬಟ್ಟೆಯ ಮೇಲಿಟ್ಟ. ಅದು ಜಾರಿ ಬಿತ್ತು. ಮತ್ತೆ ಎತ್ತಿಟ್ಟ, ಜಾರದಂತೆ ಕೆಳಗೆ ಒಂದು ಕತ್ತರಿ ಒತ್ತುಕೊಟ್ಟ. ಸ್ವಲ್ಪ ನಗಿ ಎಂದ. ಹುಲಗಪ್ಪ ನಕ್ಕ. ಹೇಳಿದವರು ಆಫೀಸಿನವರು ಎಂದರೆ ಹೇಳಿದಷ್ಟು ಮಾಡುವುದು ಅವನಿಗೆ ಹದಿನಾರು ವರ್ಷದ ರೂಢಿ. ಎಲ್ಲರಿಗೂ ತರಬೇತಿ ಪೂರ್ಣವಾದ ಸರ್ಟಿಫಿಕೇಟು ಬಂತು. ಬರುವಾಗ ಬಸ್ಸಿನಲ್ಲಿ ದೇವಕಮ್ಮ ಗಂಡನ ಕೈ ಮೇಲೆ ಟವೆಲು ಸರಿಮಾಡಿ ಹೊದಿಸಿ, ಮುಖ ಕಿಟಕಿಗೆ ತಿರುಗಿಸಿಕೊಂಡು ಕೂತಳು.

ಇನ್ನು ಹತ್ತಿರದ ಹೊಲ ನೆಚ್ಚಿ ಕೂತರೆ ಒಲೆ ಹೊತ್ತುವುದಿಲ್ಲವೆಂದು ಅವಳೂ ಟಂಟಂ ಏರಿದಳು. ಬೆಳಿಗ್ಗೆ ಗಂಡನಿಗೆ ಉಣಿಸಿ ಹೋದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಮಧ್ಯಾಹ್ನಕ್ಕೆ ರೊಟ್ಟಿ ಕಟ್ಟಿಟ್ಟು, ಊರಲ್ಲೇ ಇರುವ ನಿಮ್ಮ ಅಕ್ಕನ ಮನೆಗೆ ಹೋಗಿ ಉಣಿಸಿಕೊಳ್ಳಿರಿ ಎಂದು ಹೇಳಿ ಹೋಗುತ್ತಿದ್ದಳು. ಅವನು ಹೂಂ ಎನ್ನುತ್ತಿದ್ದ. ಹೋಗುತ್ತಾನೋ ಇಲ್ಲವೋ ಅವಳು ಕೇಳಲಿಲ್ಲ.

ಒಂದು ದಿನ ಗದ್ದೆಗೆ ನೀರು ಬರದೆ ನಾಟಿ ನಿಂತು, ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಕದ ಮುಂದಕ್ಕೆಳೆದಿತ್ತು. ಸಂದಿಯಲ್ಲಿ ನೋಡಿದಳು. ಹುಲಗಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ರೊಟ್ಟಿಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಎಡಗೈಯಿಂದ ಹರಿದು, ಎಡಗೈಯಿಂದಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ತಲೆ ತಗ್ಗಿಸಿ ಗಬಗಬನೆ ತಿನ್ನುತ್ತಿದ್ದ, ಕದ್ದು ತಿನ್ನುವವರ ಹಾಗೆ. ದೇವಕಮ್ಮ ಕದ ಮುಟ್ಟಲಿಲ್ಲ. ಹೆಜ್ಜೆ ಸಪ್ಪಳವಾಗದಂತೆ ಹಿಂದಕ್ಕೆ ಸರಿದು ಬೋರ್‌ವೆಲ್ಲಿನ ಹತ್ತಿರ ಹೋಗಿ ಕೂತಳು. ಅವನ ಊಟ ಮುಗಿದಿರಬಹುದು ಎನ್ನಿಸಿದ ಮೇಲೆ, ದೂರದಿಂದಲೇ ಕೆಮ್ಮುತ್ತ ಮನೆಗೆ ಬಂದಳು. ಅವನು ಆಗಲೇ ಕೈ ತೊಳೆದುಕೊಂಡು ಟವೆಲು ಹೊದ್ದು ಕಟ್ಟೆಯ ಮೇಲೆ ಕೂತಿದ್ದ. ಊಟ ಆಯಿತಾ ಎಂದಳು. ಅಕ್ಕ ಉಣಿಸಿದಳು ಎಂದ.

ಅವತ್ತಿಗೆ ಗಂಡನ ಮೇಲಿನ ಸಿಟ್ಟು ತೀರಿತು. ಅದು ಎಲ್ಲಿಗೆ ಹೋಗಬೇಕಾಗಿತ್ತೋ ಅಲ್ಲಿಗೆ ತಿರುಗಿತು.

ಮರುದಿನ ಅವಳು ನಾಟಿಗೆ ಹೋಗದೆ ಗಂಡನನ್ನು ಕರೆದುಕೊಂಡು ಕೆನಾಲ ಆಫೀಸಿಗೆ ಹೋದಳು. ಅಲ್ಲಿ ಸಂಗಣ್ಣ ಎಂಬ ಹಳೆಯ ಕ್ಲಾರ್ಕು, ಹುಲಗಪ್ಪನನ್ನು ಬಲ್ಲವನು. ಅವಳು ಸರ್ವೇ ಕಾಗದವನ್ನು ಅವನ ಮೇಜಿನ ಮೇಲಿಟ್ಟು, ಸರ್ಕಾರವೇ ನನ್ನ ಗಂಡ ದುಡಿಯಲು ಯೋಗ್ಯ ಎಂದಿದೆ, ನಾಳೆಯಿಂದ ಗೇಟು ಕೊಡಿ ಎಂದಳು. ಸಂಗಣ್ಣ ಕಾಗದ ನೋಡಿದ, ಹುಲಗಪ್ಪನ ಟವೆಲು ನೋಡಿದ. ಎರಡು ಕೈ ಗಟ್ಟಿ ಇಲ್ಲದವನಿಗೆ ಗೇಟು ಹೇಗೆ ಕೊಡಲಮ್ಮ ಎಂದು ಮೆತ್ತಗೆ ಹೇಳಿದ. ಅವಳು ಕಾಯುತ್ತಿದ್ದದ್ದೇ ಆ ಮಾತಿಗೆ.

“ಅಷ್ಟ ಬರದು ಕೊಡ್ರಿ,” ಎಂದಳು.

ಹಾಗೆಲ್ಲ ಬರೆದುಕೊಡಲು ಬರುವುದಿಲ್ಲ, ಸಾಹೇಬರು ಬೈಯುತ್ತಾರೆ ಎಂದ. ಅವಳು ಅಲ್ಲೇ ನೆಲದ ಮೇಲೆ ಕೂತಳು. ಊಟದ ಹೊತ್ತಾಯಿತು, ಆಫೀಸಿನವರು ಡಬ್ಬಿ ಬಿಚ್ಚಿದರು. ಸಂಗಣ್ಣ ತನ್ನ ಡಬ್ಬಿಯ ಒಂದು ರೊಟ್ಟಿಯನ್ನು ಹುಲಗಪ್ಪನ ಕಡೆ ನೀಡಿದ. ಹುಲಗಪ್ಪ ಹಸಿವಿಲ್ಲವೆಂದು ತಲೆ ಅಲ್ಲಾಡಿಸಿ ನೆಲ ನೋಡಿದ. ಸಂಗಣ್ಣನೂ ನಮ್ಮ ಕಡೆಯವನೇ, ಅವನಿಗೆ ತಿಳಿಯಿತು. ಡಬ್ಬಿ ಮುಚ್ಚಿಟ್ಟು, ಒಂದು ಹಾಳೆ ತೆಗೆದು ಬರೆದ: ಸದರಿ ಹುಲಗಪ್ಪ ಇವರ ಬಲಗೈ ಪೂರ್ತಿ ನಿಷ್ಕ್ರಿಯವಾಗಿದ್ದು ಗೇಟು ಕೆಲಸಕ್ಕೆ ಯೋಗ್ಯರಲ್ಲ. ಸಹಿ ಮಾಡಿ ಠಸ್ಸೆ ಒತ್ತಿದ. ಸ್ಕ್ರೂ ಸವೆದಿದೆ ಎಂದು ಹುಲಗಪ್ಪ ಹೇಳಲು ಬಂದಾಗ ಮೂರು ಸಲವೂ ಈ ಮೇಜಿನ ಹಿಂದೆ ಕೂತಿದ್ದವನು ನಾನೇ ಎಂದು ಮಾತ್ರ ಹೇಳಿ, ಕಾಗದ ಕೊಟ್ಟ.

ಈಗ ದೇವಕಮ್ಮನ ಸೆರಗಿನಲ್ಲಿ ಎರಡು ಕಾಗದ. ಒಂದು ಯೋಗ್ಯ ಎನ್ನುತ್ತಿತ್ತು, ಇನ್ನೊಂದು ಯೋಗ್ಯನಲ್ಲ ಎನ್ನುತ್ತಿತ್ತು. ಎರಡಕ್ಕೂ ಠಸ್ಸೆ ಇತ್ತು.

ಯಾದಗಿರಿಗೆ ಹೋಗುವ ಬಸ್ಸಿನಲ್ಲಿ ಅವಳು ಗಂಡನಿಗೆ ಪಾಠ ಶುರುಮಾಡಿದಳು. ಸಾಹೇಬರು ಆರಾಮಾ ಎಂದರೆ ಇಲ್ಲ ಎನ್ನಬೇಕು. ಕೈಗೆ ಏನಾಯಿತು ಎಂದರೆ ಏನಾಯಿತೋ ಅದನ್ನೇ ಹೇಳಬೇಕು. ದೇವರು ನಡೆಸ್ಯಾನ ಎನ್ನಬಾರದು, ದೇವರ ಹೆಸರು ಬಂದರೆ ಅವರು ತಮ್ಮ ಪಾಲು ಮುಗಿಯಿತು ಅಂದುಕೊಳ್ಳುತ್ತಾರೆ. ಪಗಾರ ಎನ್ನಬಾರದು. ಹುಲಗಪ್ಪ ಎಲ್ಲಕ್ಕೂ ತಲೆ ಅಲ್ಲಾಡಿಸಿದ. ಭೀಮರಾಯನಗುಡಿ ದಾಟುವಾಗ ಪರಿಚಯದ ಕಂಡಕ್ಟರು ಬಂದು, ಏನು ಹುಲಗಪ್ಪಣ್ಣ, ಆರಾಮಾ ಎಂದ. ಆರಾಮಪ್ಪ, ನೀ ಎಂದ ಹುಲಗಪ್ಪ. ದೇವಕಮ್ಮ ಅವನ ತೊಡೆ ಚಿವುಟಿದಳು. ಕಂಡಕ್ಟರು ನಗುತ್ತ ಮುಂದೆ ಹೋದ. ಅವಳು ಶಹಾಪುರ ಬಿಟ್ಟಮೇಲೆ ಪಾಠವನ್ನು ಮೊದಲಿನಿಂದ ಹೇಳಿಕೊಟ್ಟಳು.

ಅಹವಾಲು ಕೇಳುವ ಕೋಣೆಯ ಹೊರಗೆ ಬೆಂಚು ತುಂಬಿ, ಗೋಡೆಗುಂಟ ನೆಲದ ಮೇಲೂ ಜನ ಕೂತಿದ್ದರು. ಕೋಲು ಹಿಡಿದವರು, ಹೆಗಲ ಮೇಲೆ ಹೊತ್ತು ತಂದವರು, ಕೊಂಕಲ್ಲಿನವರು, ಬಳಿಚಕ್ರದವರು, ಹೀಗೆ ಎಲ್ಲ ಊರಿನವರು. ಎಷ್ಟೋ ಮಂದಿಯ ಕೈಯಲ್ಲಿ ಅದೇ ಬಣ್ಣದ ಕಾಗದ. ಹುಲಗಪ್ಪನ ಹೆಸರು ಕೂಗುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ಒಳಗೆ ದೊಡ್ಡ ಮೇಜು. ನಡುವೆ ಸಾಹೇಬರು, ಪಕ್ಕದಲ್ಲಿ ಕಂಪ್ಯೂಟರು ಹಿಡಿದ ಕ್ಲಾರ್ಕು, ಆ ಕಡೆ ಸರ್ವೇ ಕಂಪನಿಯವನು. ಸುತ್ತ ಗೋಡೆಗೆ ಆನಿಕೊಂಡು ಸರದಿಯ ಜನ. ದೇವಕಮ್ಮ ಹೇಳಬೇಕಾದದ್ದನ್ನೆಲ್ಲ ರಾತ್ರಿಯಿಂದ ಕಟ್ಟಿಕೊಂಡು ಬಂದಿದ್ದಳು. ಮೊದಲು ಯೋಗ್ಯ ಎಂಬ ಕಾಗದ, ಅದರ ಪಕ್ಕ ಯೋಗ್ಯನಲ್ಲ ಎಂಬ ಕಾಗದ. ಇವೆರಡರಲ್ಲಿ ಯಾವುದು ನಿಜ, ಅದನ್ನೊಂದು ಹೇಳಿ. ದುಡಿಯುವವನಾದರೆ ಕೆಲಸ ಕೊಡಿ, ಆಗದವನಾದರೆ ಪಿಂಚಣಿ ಕೊಡಿ, ಎರಡೂ ಕೊಡದೆ ಇರಲು ಮಾತ್ರ ನಿಮಗೆ ಹಕ್ಕಿಲ್ಲ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಸಾಹೇಬರು ಬೇರೆ ಕಡೆಯವರು, ಆದರೆ ಒಳ್ಳೆಯ ಮನುಷ್ಯ. ಬಂದ ಜಿಲ್ಲೆಯ ಮಾತು ಕಲಿಯಬೇಕೆಂಬ ಆಸೆ ಅವರಿಗಿತ್ತು. ಮೇಜಿನ ಮುಂದೆ ಕಾಗದ ಎದೆಗೊತ್ತಿಕೊಂಡು ನಿಂತ ಹೆಂಗಸನ್ನು ಕಂಡು, ಧೈರ್ಯ ಬರಲೆಂದು, ಕಲಿತ ಮಾತಿನಲ್ಲೇ ಕೇಳಿದರು.

“ಏನವ್ವಾ, ಆರಾಮ ಅದೀ?”

“ಆರಾಮ ಅದೀನ್ರಿ ಸಾಹೇಬ್ರ, ನೀವು?” ಎಂದಳು ದೇವಕಮ್ಮ.

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಗೊತ್ತಾಯಿತು. ಸೆರಗು ಬಾಯಿಗೊತ್ತಿಕೊಂಡಳು. ಕಂಪನಿಯವನಿಗೆ ಅಷ್ಟೇ ಸಾಕಾಗಿತ್ತು. ನೋಡಿ ಸರ್, ಇವರೆಲ್ಲ ಹೀಗೇ, ನಮ್ಮ ಹುಡುಗಿ ಬರೆದುಕೊಂಡದ್ದರಲ್ಲಿ ಏನು ತಪ್ಪಿದೆ ಎಂದ. ಕ್ಲಾರ್ಕು ನಕ್ಕ. ಗೋಡೆಗುಂಟ ನಿಂತವರಲ್ಲೂ ಕೆಲವರು ನಕ್ಕರು. ಕಟ್ಟಿಕೊಂಡು ಬಂದ ಮಾತೆಲ್ಲ ದೇವಕಮ್ಮನ ತಲೆಯಿಂದ ಹಾರಿಹೋಗಿತ್ತು. ಎರಡು ಕಾಗದ ಹಿಡಿದ ಕೈ ಮುಂದೆ ಚಾಚಿ ಸುಮ್ಮನೆ ನಿಂತುಬಿಟ್ಟಳು.

ಆಗ ಅವಳ ಹಿಂದಿನಿಂದ ಹುಲಗಪ್ಪ ಮುಂದೆ ಬಂದ.

“ಆಕಿ ಆರಾಮ ಇಲ್ರಿ,” ಎಂದ.

ಅವನು ಆಫೀಸಿನವರ ಮುಂದೆ ಕೇಳದೆ ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ಮತ್ತೆ ಹೇಳಿದ.

“ಆಕಿ ಸುಳ್ಳು ಹೇಳ್ಯಾಳ್ರಿ. ಆರು ವರ್ಷ ಆತು, ನಾ ಆಕಿ ಕೈಲೆ ಉಣ್ಣಾಕತ್ತಿ. ನನಗ ಉಣಿಸಿ ತಾ ನಿಂತು ತಿಂತಾಳ. ಈಗ ದೂರ ನಾಟಿಗಿ ಹೊಂಟಾಳ. ನಡು ನೆಟ್ಟಗ ಮಾಡಾಕ ಬರಂಗಿಲ್ಲ ಆಕಿಗಿ. ಕೇಳಿದ್ರ ಆರಾಮ ಅಂತಾಳ, ಅದಕ್ಕ ನಾ ಕೇಳಂಗಿಲ್ಲ.”

ಎಡಗೈಯಿಂದ ಟವೆಲು ತೆಗೆದು ಹೆಗಲಿಗೆ ಹಾಕಿದ. ಅದೇ ಕೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಎತ್ತಿ, ಸಾಹೇಬರ ಫೈಲುಗಳ ಮೇಲಿಟ್ಟು ಬಿಟ್ಟ. ಅದು ಜಾರಿ ಮೇಜಿನ ಅಂಚಿಗೆ ಬಡಿದು ಕೆಳಗೆ ಜೋತುಬಿತ್ತು.

“ಶಹಾಪುರದಾಗ ಇದನ್ನ ಹಿಂಗ ಎತ್ತಿ ಮಶೀನ್ ಮ್ಯಾಲ ಇಟ್ಟು ಫೋಟೋ ಹೊಡದಾರ್ರಿ. ಜಾರತದ ಅಂತ ಕತ್ತರಿ ಕೊಟ್ಟಿದ್ರು. ಸಾಹೇಬ್ರ, ನಾನೂ ಆರಾಮ ಇಲ್ರಿ. ಆಕಿ ಇಲ್ಲದಾಗ ಕದ ಹಾಕ್ಕೊಂಡು... ಎಡಗೈಲೆ ಉಂಡೀನ್ರಿ.”

ಗೋಡೆಗುಂಟ ನಗುತ್ತಿದ್ದವರ ಬಾಯಿ ಮುಚ್ಚಿತು. ಒಬ್ಬ ಮುದುಕ ಶಿವಶಿವ ಎಂದು ತಲೆ ತಗ್ಗಿಸಿದ. ಅಲ್ಲಿದ್ದ ನಮ್ಮ ಕಡೆಯವರಿಗೆಲ್ಲ, ನಗಾಡಿದ ಆ ಕ್ಲಾರ್ಕಿಗೂ, ಹುಲಗಪ್ಪ ನಾಲ್ಕು ಮಂದಿಯ ಎದುರು ಏನನ್ನು ಬಿಚ್ಚಿಟ್ಟನೆಂದು ತಿಳಿದಿತ್ತು. ಸಾಹೇಬರಿಗೆ ಮಾತಿನ ಅರ್ಥ ಪೂರ್ತಿ ಆಗಿತ್ತೋ ಇಲ್ಲವೋ, ಕೋಣೆ ಒಮ್ಮೆಲೇ ಮೌನವಾದದ್ದು ಮಾತ್ರ ಅವರಿಗೆ ಅರ್ಥವಾಯಿತು. ಅವರು ದೇವಕಮ್ಮನ ಕೈಯಿಂದ ಎರಡೂ ಕಾಗದ ತೆಗೆದುಕೊಂಡು ಓದಿದರು. ಕಂಪನಿಯವನ ಕಡೆ ತಿರುಗಿ, ಈ ಮನುಷ್ಯನ ಕೈಯನ್ನು ನಿಮ್ಮವರು ಒಮ್ಮೆಯಾದರೂ ನೋಡಿದ್ದರೇ ಎಂದು ಕೇಳಿದರು. ಅವನು ಫಾರಮ್ಮಿನಲ್ಲಿ ಕೈ ನೋಡುವ ಕಾಲಂ ಇಲ್ಲ ಎಂದ. ಸಾಹೇಬರು ಸರ್ವೇ ಕಾಗದದ ಮೇಲೆ ಕೆಂಪು ಗೆರೆ ಎಳೆದು, ನಿಂತ ತಿಂಗಳಿನಿಂದಲೇ ಪಿಂಚಣಿ ಮುಂದುವರಿಸಲು ಬರೆದು ಸಹಿ ಮಾಡಿದರು. ಹೋಗಿಬನ್ನಿ ಎಂದು ಕೈ ಮುಗಿದರು.

ದೇವಕಮ್ಮ ಕದಲಲಿಲ್ಲ. ಹಾರಿಹೋಗಿದ್ದ ಮಾತು ಈಗ ಮರಳಿ ಬಂದಿತ್ತು.

“ನಮ್ಮೂರಾಗ ಆಕಿ ಹದಿಮೂರು ಮಂದೀನ ಕೇಳ್ಯಾಳ್ರಿ ಸಾಹೇಬ್ರ,” ಎಂದಳು. “ಹದಿಮೂರು ಮಂದೀನೂ ಆರಾಮ ಅಂದಾರ. ಅವರೆಲ್ಲಾ ಇಲ್ಲಿಗಿ ಬಂದು ತಮ್ಮ ಮನಿ ಕದ ತಗದು ತೋರಸಬೇಕೇನ್ರಿ?”

ಅವರೂ ಒಬ್ಬೊಬ್ಬರಾಗಿ ಅರ್ಜಿ ಕೊಡಲಿ, ಪರಿಶೀಲಿಸೋಣ ಎಂದರು ಸಾಹೇಬರು. ಒಬ್ಬೊಬ್ಬರಾಗಿ. ಕಿತ್ತುಕೊಳ್ಳುವಾಗ ಎಲ್ಲರದೂ ಒಂದೇ ದಿನ, ಒಂದೇ ಗುಂಡಿ ಒತ್ತಿದರೆ ಆಯಿತು. ಮರಳಿ ಕೊಡುವಾಗ ಮಾತ್ರ ಒಬ್ಬೊಬ್ಬರೇ ಬಂದು ಮಾನ ಬಿಚ್ಚಿಡಬೇಕು. ಒಳ್ಳೆಯ ಸಾಹೇಬರೇ ಹೀಗೆಂದರೆ ಉಳಿದವರ ಮಾತು ಏನು ಹೇಳಲಿ. ಸಿಪಾಯಿ ಬಂದು ಮುಂದಿನವರಿಗೆ ದಾರಿ ಬಿಡಿ ಎಂದ.

ಹೊರಗೆ ಬಂದಮೇಲೆ ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸುರಪುರದ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವಳು ಸೆರಗಿನಿಂದ ರೊಟ್ಟಿಗಂಟು ಬಿಚ್ಚಿ, ಕದವಿಲ್ಲದ ಆ ವರಾಂಡದಲ್ಲಿ, ಎಲ್ಲರ ಎದುರಿಗೆ, ತುತ್ತು ಮುರಿದು ಅವನ ಬಾಯಿಗಿಟ್ಟಳು. ಹುಲಗಪ್ಪ ಒಂದು ಗಳಿಗೆ ತಡೆದು, ಬಾಯಿ ತೆರೆದ.

ಪಕ್ಕದ ಬೆಂಚಿನಲ್ಲಿ ಬಳಿಚಕ್ರದ ಅನ್ವರಬಿ ಕೂತಿದ್ದಳು. ಎರಡೂ ಕಣ್ಣು ಕಾಣದ ಮುದುಕಿ, ಒಬ್ಬಳೇ ಬಂದಿದ್ದಳು, ಕೈಯಲ್ಲಿ ಅದೇ ಬಣ್ಣದ ಕಾಗದವನ್ನು ತಲೆಕೆಳಗಾಗಿ ಹಿಡಿದಿದ್ದಳು. ರೊಟ್ಟಿಯ ವಾಸನೆಗೆ ಮುಖ ತಿರುಗಿಸಿದಳು. ದೇವಕಮ್ಮ ಅವಳ ಕೈಗೂ ಒಂದು ತುಂಡು ಇಟ್ಟು, ಆರಾಮಾ ಏನವ್ವಾ ಎಂದಳು.

“ಆರಾಮ ಅದೀನವ್ವ,” ಎಂದಳು ಅನ್ವರಬಿ. “ನೀ?”

ಒಳಗಿನಿಂದ ಸಿಪಾಯಿ ಅನ್ವರಬಿಯ ಹೆಸರು ಕೂಗಿದ. ದೇವಕಮ್ಮ ಎದ್ದು, ಮುದುಕಿಯ ಕೈಯ ಕಾಗದವನ್ನು ನೆಟ್ಟಗೆ ಮಾಡಿ, ರಟ್ಟೆ ಹಿಡಿದು ಎಬ್ಬಿಸಿದಳು. ಬಸ್ಸಿನ ಹೊತ್ತಾಯಿತೆಂದು ಹುಲಗಪ್ಪ ಹೇಳಲಿಲ್ಲ, ಅವರು ಬರುವವರೆಗೆ ಬೆಂಚಿನ ಮೇಲೆ ಜಾಗ ಹಿಡಿದು ಕೂತ.

“ಆ ಮಾತು ಇಲ್ಲೇ ಇಟ್ಟು ಬಾರಬೇ,” ಎಂದಳು ದೇವಕಮ್ಮ ಬಾಗಿಲ ಕಡೆ ನಡೆಸುತ್ತ. “ಒಳಗ ಹೋಗಿ ಅದನ್ನ ಅನಬ್ಯಾಡ.”